ಗಿಟ್ಟನ್ನೇ ಡೇಟಾಬೇಸ್ ಮಾಡಿಕೊಳ್ಳುವುದು ಹೇಗೆ? ಕಾಫಿ ತೋಟದ ಲೆಕ್ಕ ಇಟ್ಟುಕೊಂಡು ಒಂದು ಮಾರ್ಗದರ್ಶಿ

ಮೂಡಿಗೆರೆ, ಕೊಪ್ಪ, ಕಳಸದ ಕಡೆಯ ತೋಟಕ್ಕೆ ಲೆಕ್ಕದ ಆ್ಯಪ್ ಮಾಡುವವರು ನೆಟ್‌ವರ್ಕ್ ಇರುವುದಿಲ್ಲ ಎಂದುಕೊಂಡೇ ಶುರು ಮಾಡಬೇಕು. ಮಳೆಗಾಲದಲ್ಲಂತೂ ಕರೆಂಟನ್ನೂ ನಂಬುವ ಹಾಗಿಲ್ಲ. ಇದರ ಮೇಲೆ ಲೆಕ್ಕ ಬರೆಯುವವರು ಒಬ್ಬರಲ್ಲ. ಸಂಜೆ ಮೇಸ್ತ್ರಿ ಹಣ್ಣು ತೂಗಿ ಫೋನಿನಲ್ಲಿ ಹಾಕುತ್ತಾರೆ, ಆಫೀಸಿನಲ್ಲಿ ರೈಟರ್, ಅಂದರೆ ಲೆಕ್ಕದ ಗುಮಾಸ್ತರು, ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ತುಂಬುತ್ತಾರೆ, ಬೆಂಗಳೂರಿನಲ್ಲಿರುವ ಮಗ ರಾತ್ರಿ ಕೂತು ಏನೋ ತಿದ್ದುತ್ತಾನೆ. ಶನಿವಾರ ಕೂಲಿ ಬಟವಾಡೆ ಹೊತ್ತಿಗೆ ಯಾರಾದರೂ ಬಂದು "ಮಂಗಳವಾರ ನಂದು ನಲವತ್ತೆರಡು ಕೇಜಿ ಇತ್ತು, ಮೂವತ್ತೆಂಟು ಅಂತ ಮಾಡಿದ್ದು ಯಾರು?" ಎಂದು ಕೇಳಿದರೆ ಉತ್ತರ ಕೊಡಲೇಬೇಕು.

ನೆಟ್ ಇಲ್ಲದೆ ಕೆಲಸ ಆಗಬೇಕು, ಎಲ್ಲರ ಹತ್ತಿರ ಪೂರ್ತಿ ಪ್ರತಿ ಇರಬೇಕು, ಯಾರು ಯಾವಾಗ ಏನು ಬದಲಿಸಿದರು ಎಂದು ಗೊತ್ತಾಗಬೇಕು. ಈ ಮೂರೂ ಕೆಲಸ ಮಾಡುವ ಒಂದು ಸಾಫ್ಟ್‌ವೇರನ್ನು ಕೋಡ್ ಬರೆಯುವವರು ದಿನಾ ಬಳಸುತ್ತಾರೆ. ಅದೇ ಗಿಟ್. ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಫ್ಟ್‌ವೇರ್ ಪುಕ್ಕಟೆಯಾಗಿ ಸಿಗುವುದು ನಿಂತಾಗ ಲಿನಕ್ಸ್ ಕರ್ನಲ್‌ನ ಕೋಡ್ ಇಡಲು ಲಿನಸ್ ಟೊರ್ವಾಲ್ಡ್ಸ್ ಅದನ್ನು 2005ರ ಏಪ್ರಿಲ್‌ನಲ್ಲಿ ಶುರು ಮಾಡಿದರು. ಆದರೆ ಅದರ ಹೊಟ್ಟೆಯೊಳಗೆ ಕೋಡ್ ಎಂಬ ಕಲ್ಪನೆಯೇ ಇಲ್ಲ. ಒಂದಿಷ್ಟು ಬೈಟ್ ಕೊಟ್ಟರೆ ಒಂದು ವಿಳಾಸ ಕೊಡುತ್ತದೆ, ವಿಳಾಸ ಕೊಟ್ಟರೆ ಬೈಟ್ ವಾಪಸ್ ಕೊಡುತ್ತದೆ, ಅಷ್ಟೇ. ಆ ಭಾಗವನ್ನು ನೇರವಾಗಿ ಬಳಸಿಕೊಂಡು ತೋಟದ ಲೆಕ್ಕ ಇಡುವುದು ಹೇಗೆ ಎಂದು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಕಮಾಂಡ್‌ಗಳ ಹೆಸರನ್ನು ಹೇಳುವ ಹಾಗೆಯೇ ಬರೆದಿದ್ದೇನೆ, ಟೈಪ್ ಮಾಡುವಾಗ ಮಾಮೂಲಿಯಂತೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ.

ಮೊದಲು: ನಿಮ್ಮ ಡೇಟಾಕ್ಕೆ ಇದು ಒಗ್ಗುತ್ತದಾ?

ದಾಖಲೆಗಳು ಚಿಕ್ಕವಾಗಿರಬೇಕು, ಪಠ್ಯವಾಗಿರಬೇಕು, ಮನುಷ್ಯರು ಬರೆಯುವ ವೇಗದಲ್ಲಿ ಬರಬೇಕು. ತೂಕದ ಚೀಟಿ, ಚೆಕ್‌ರೋಲ್, ಮಳೆ ಲೆಕ್ಕ, ಗೊಬ್ಬರ ಹಾಕಿದ್ದು, ಕೂಲಿ ದರ, ಯಾವ ಬ್ಲಾಕ್‌ನಲ್ಲಿ ಯಾವ ತಳಿ ಎಂಬ ಪಟ್ಟಿ, ಇವೆಲ್ಲ ಸರಿ. ಸೆನ್ಸರ್ ಸೆಕೆಂಡಿಗೊಂದು ಕಳಿಸುವ ಅಂಕಿ, ಚಾಟ್ ಮೆಸೇಜು, ಹೋಂಸ್ಟೇ ರೂಮ್ ಬುಕಿಂಗು, ಫೋಟೋ, ವಿಡಿಯೋ ಇವನ್ನು ಇದರೊಳಗೆ ತರಲೇಬೇಡಿ. ಒಂದೇ ರೂಮಿಗೆ ಇಬ್ಬರು ಒಂದೇ ಗಳಿಗೆಯಲ್ಲಿ ಜಗಳವಾಡುವ ಕಡೆ ಪೋಸ್ಟ್‌ಗ್ರೆಸ್‌ನಂಥ ಮಾಮೂಲಿ ಡೇಟಾಬೇಸೇ ಸರಿ.

ದೊಡ್ಡವರು ಮಾಡಿ ನೋಡಿದ್ದಾರೆ, ಎರಡೂ ಥರದ ಅನುಭವ ಇದೆ. ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸಲು (ಕೋಡ್ ರಿವ್ಯೂ) ಬಳಸುವ ಗೆರಿಟ್ ಎಂಬ ಸಾಫ್ಟ್‌ವೇರ್ ಮೊದಲು ತನ್ನ ರಿವ್ಯೂ ಮಾಹಿತಿಯನ್ನು ಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಇಡುತ್ತಿತ್ತು. ಆಮೇಲೆ ನೋಟ್‌ಡಿಬಿ ಎಂಬ ಹೆಸರಿನಲ್ಲಿ ಅದನ್ನೆಲ್ಲ ಗಿಟ್ ಒಳಗೇ ತಂದಿತು, 2019ರ 3.0 ಆವೃತ್ತಿಯಲ್ಲಿ ಹಳೆಯ ಡೇಟಾಬೇಸನ್ನೇ ಕಿತ್ತು ಹಾಕಿತು. ಇನ್ನೊಂದು ಕಡೆ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ತರಿಸಿಕೊಡುವ ಕೊಕೊಪಾಡ್ಸ್, ಹೋಮ್‌ಬ್ರೂ, ರಸ್ಟ್ ಭಾಷೆಯ ಕಾರ್ಗೋ ಮೂರೂ ತಮ್ಮ ಪ್ಯಾಕೇಜ್ ಪಟ್ಟಿಯನ್ನು ಗಿಟ್‌ನಲ್ಲಿ ಹಂಚುತ್ತಿದ್ದವು. ಪಟ್ಟಿ ಬೆಳೆಯಿತು. ಒಂದು ಪ್ಯಾಕೇಜ್ ಬೇಕೆಂದರೂ ಬಳಕೆದಾರರು ಇಡೀ ಇತಿಹಾಸವನ್ನು ಇಳಿಸಿಕೊಳ್ಳಬೇಕಾಯಿತು. ಕೊನೆಗೆ 2019ರಲ್ಲಿ ಕೊಕೊಪಾಡ್ಸ್, 2023ರಲ್ಲಿ ಹೋಮ್‌ಬ್ರೂ ಮತ್ತು ಕಾರ್ಗೋ, ಬೇಕಾದ ಫೈಲಷ್ಟನ್ನೇ ವೆಬ್ ಮೂಲಕ ತರಿಸಿಕೊಳ್ಳುವ ದಾರಿ ಹಿಡಿದವು. ಅವರ ಕಷ್ಟ ಲಕ್ಷಾಂತರ ಜನರಿಗೆ ಹಂಚುವ ಕಷ್ಟ. ಮೂರು ನಾಲ್ಕು ಮಷೀನ್ ಇರುವ ತೋಟಕ್ಕೆ ಆ ತಲೆನೋವಿಲ್ಲ. ಆದರೆ ನಿಮ್ಮ ಆ್ಯಪನ್ನು ಜಿಲ್ಲೆಯ ಎಲ್ಲ ಬೆಳೆಗಾರರಿಗೂ ಕೊಡುವ ಯೋಚನೆ ಇದ್ದರೆ ತೋಟಕ್ಕೊಂದು ಬೇರೆ ರೆಪೊಸಿಟರಿ (ಗಿಟ್‌ನ ಉಗ್ರಾಣ) ಮಾಡಿ. ಎಲ್ಲರದ್ದನ್ನೂ ಒಂದರಲ್ಲಿ ಸುರಿಯಬೇಡಿ.

ಹೆಜ್ಜೆ 1: ಫೈಲ್ ಜೋಡಣೆ

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಇಡೀ ವರ್ಷದ ತೂಕವನ್ನು ಒಂದು ದೊಡ್ಡ ಜೇಸನ್ (ಡೇಟಾವನ್ನು ಪಠ್ಯವಾಗಿ ಇಡುವ ಒಂದು ಮಾದರಿ) ಫೈಲಿನಲ್ಲಿ ಇಟ್ಟು, ಪ್ರತಿ ಸಲ ಅದನ್ನೇ ತಿದ್ದಿ ಕಮಿಟ್ ಮಾಡುತ್ತಾರೆ, ಅಂದರೆ ಆ ಗಳಿಗೆಯ ಸ್ಥಿತಿಯನ್ನು ಗಿಟ್‌ನಲ್ಲಿ ದಾಖಲಿಸುತ್ತಾರೆ. ಆಗ ಒಂದು ಚೀಟಿ ಸೇರಿಸಿದರೂ ಪೂರ್ತಿ ಫೈಲಿನ ಹೊಸ ಪ್ರತಿ ಹುಟ್ಟುತ್ತದೆ, ಇಬ್ಬರು ಬರೆದರೆ ಜಗಳ ಗ್ಯಾರಂಟಿ. ಒಂದು ದಾಖಲೆಗೆ ಒಂದು ಫೈಲ್, ಇದು ನಿಯಮ.

ಹಾಗಂತ ಎಲ್ಲ ಫೈಲನ್ನೂ ಒಂದೇ ಫೋಲ್ಡರಿಗೆ ತುಂಬಿದರೆ ಇನ್ನೊಂದು ತೊಂದರೆ. ಗಿಟ್ ಫೋಲ್ಡರನ್ನು ಟ್ರೀ ಎಂಬ ವಸ್ತುವಾಗಿ ಇಡುತ್ತದೆ. ಅದರಲ್ಲಿ ಪ್ರತಿ ಫೈಲಿಗೆ ಒಂದು ನಮೂದು: 100644 ಎಂಬ ಆರಂಕಿಯ ಮೋಡ್, ಒಂದು ಖಾಲಿ ಜಾಗ, ಫೈಲಿನ ಹೆಸರು, ಒಂದು ಸೊನ್ನೆ ಬೈಟ್, ಆಮೇಲೆ ಫೈಲಿನ ಪಠ್ಯದಿಂದ ಲೆಕ್ಕ ಹಾಕಿದ 20 ಬೈಟಿನ ಗುರುತು, ಅಂದರೆ ಹ್ಯಾಶ್. ಹೆಸರು 12 ಅಕ್ಷರದ್ದಾದರೆ ನಮೂದು 40 ಬೈಟ್ ಆಯಿತು. ಫೋಲ್ಡರಿನಲ್ಲಿ 10,000 ಚೀಟಿ ಇದ್ದರೆ ಟ್ರೀ 4 ಲಕ್ಷ ಬೈಟ್. ಮೇಸ್ತ್ರಿ ಒಂದೇ ಒಂದು ಚೀಟಿ ಸೇರಿಸಿದರೂ ಆ 4 ಲಕ್ಷ ಬೈಟನ್ನು ಪೂರ್ತಿ ಹೊಸದಾಗಿ ಬರೆಯಬೇಕು. ಕಂಪ್ರೆಸ್ ಆಗುತ್ತದೆ ನಿಜ, ಆದರೆ ಹ್ಯಾಶ್ ಎಂಬುದು ಹೆಚ್ಚು ಕುಗ್ಗುವ ಸರಕಲ್ಲ.

ಆದ್ದರಿಂದ ದಿನಾಂಕದ ಪ್ರಕಾರ ಒಡೆಯಿರಿ: ತೂಕ, ಅದರೊಳಗೆ 2025, ಅದರೊಳಗೆ 01, ಅದರೊಳಗೆ 11, ಅದರೊಳಗೆ ಚೀಟಿಗಳು. ಜನವರಿ 11ರ ಸಂಜೆ ಬರೆಯುವಾಗ ಆ ದಿನದ ಚಿಕ್ಕ ಟ್ರೀ, ತಿಂಗಳಿನದ್ದು, ವರ್ಷದ್ದು, ತೂಕದ್ದು, ಬುಡದ್ದು ಹೀಗೆ ಐದು ಪುಟ್ಟ ಟ್ರೀ ಮಾತ್ರ ಹೊಸದಾಗುತ್ತವೆ. ಡಿಸೆಂಬರಿನ ಚೀಟಿಗಳನ್ನು ಯಾರೂ ಮುಟ್ಟುವುದಿಲ್ಲ.

ಚೀಟಿಯ ಹೆಸರಿನಲ್ಲಿ ಯಾವ ಸಾಧನ ಬರೆದದ್ದು ಎಂಬುದೂ ಅದರ ಕ್ರಮಸಂಖ್ಯೆಯೂ ಇರಲಿ: ಫೋನ್1-0042 ಎಂಬ ಹಾಗೆ. ಎರಡು ಫೋನ್ ನೆಟ್ ಇಲ್ಲದೆ ಬೇರೆ ಬೇರೆ ಬರೆದರೂ ಒಂದೇ ಹೆಸರು ಎರಡು ಸಲ ಬರುವುದಿಲ್ಲ.

ಫೈಲಿನ ಒಳಗೆ ಒಂದು ಸಾಲಿಗೆ ಒಂದು ವಿಷಯ. ಕೀಗಳು (ವಿಷಯಗಳ ಹೆಸರು) ಯಾವಾಗಲೂ ಒಂದೇ ಕ್ರಮದಲ್ಲಿ, ಕೊನೆಯಲ್ಲಿ ಒಂದು ಹೊಸ ಸಾಲು. ಇಲ್ಲದಿದ್ದರೆ ಏನೂ ಬದಲಾಗದಿದ್ದರೂ ಗಿಟ್‌ಗೆ ಬದಲಾದ ಹಾಗೆ ಕಾಣುತ್ತದೆ. ದಶಮಾಂಶ ಬಿಟ್ಟುಬಿಡಿ. ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಇಡಿ, 42.5 ಕೇಜಿ ಎಂದರೆ 42500. ಮಳೆಯನ್ನು ನಮ್ಮ ಕಡೆ ಹೇಗೂ ಇಂಚು ಸೆಂಟ್ ಎಂದೇ ಹೇಳುತ್ತೇವಲ್ಲ, ಅದನ್ನೇ ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ಇಡಿ. ಒಂದು ಇಂಚು 35 ಸೆಂಟ್ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದರೆ 135 ಎಂದು ಬರೆಯಿರಿ. ಮಿಲಿಮೀಟರ್ ಬೇಕೆಂದವರಿಗೆ ತೋರಿಸುವಾಗ ನೂರರಿಂದ ಭಾಗಿಸಿ, 25.4ರಿಂದ ಗುಣಿಸಿ 34.29 ಎಂದು ತೋರಿಸಿದರೆ ಆಯಿತು.

ಹೆಜ್ಜೆ 2: ಖಾಲಿ ಬೇರ್ ರೆಪೊಸಿಟರಿ

ಆಫೀಸ್ ಕಂಪ್ಯೂಟರಿನಲ್ಲಿ ಗಿಟ್ ಇನಿಟ್ ಕೊಡುವಾಗ ಬೇರ್ ಎಂಬ ಆಯ್ಕೆ ಸೇರಿಸಿ. ಆಗ ಕಣ್ಣಿಗೆ ಕಾಣುವ ಫೈಲುಗಳ ಫೋಲ್ಡರೇ ಇರುವುದಿಲ್ಲ, ಒಳಗಿನ ಉಗ್ರಾಣ ಮಾತ್ರ ಇರುತ್ತದೆ. ಇದು ಬೇಕೆಂದೇ ಮಾಡುವುದು. ಫೋಲ್ಡರ್ ಕಂಡರೆ ಯಾರಾದರೂ ಒಬ್ಬರು ಫೈಲ್ ತೆರೆದು ತಿದ್ದಿ ಸೇವ್ ಮಾಡಿಯೇ ಮಾಡುತ್ತಾರೆ. ಆಡ್, ಕಮಿಟ್, ಚೆಕ್‌ಔಟ್ ಎಂಬ ದಿನನಿತ್ಯದ ಕಮಾಂಡ್‌ಗಳೂ ನಿಮ್ಮ ಆ್ಯಪಿಗೆ ಬೇಡ. ಅವು ಕೂತು ಟೈಪ್ ಮಾಡುವ ಮನುಷ್ಯರಿಗಾಗಿ ಮಾಡಿದವು.

ವಿಂಡೋಸ್‌ನಲ್ಲಿ ಸಾಲಿನ ಕೊನೆಯ ಗುರುತನ್ನು ಗಿಟ್ ತಾನಾಗಿ ಬದಲಿಸುವ ಕೋರ್ ಆಟೋಸಿಆರ್‌ಎಲ್‌ಎಫ್ ಎಂಬ ಸೆಟ್ಟಿಂಗ್ ಇದೆ, ಅದನ್ನು ಫಾಲ್ಸ್ ಮಾಡಿ. ಡೇಟಾವನ್ನು ಯಾರೂ ಸುಮ್ನೆ ಸುಮ್ನೆ ತಿದ್ದಬಾರದು, ಗಿಟ್ ಕೂಡ.

ಹೆಜ್ಜೆ 3: ಬರೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಒಂದು ಬರಹ ಎಂದರೆ ಈ ಹೆಜ್ಜೆಗಳ ಸಾಲು:

ಮೊದಲು ಗಿಟ್ ರೆವ್-ಪಾರ್ಸ್ ಕೊಟ್ಟು ಮೇನ್ ಬ್ರಾಂಚ್ (ಬ್ರಾಂಚ್ ಎಂದರೆ ಇತ್ತೀಚಿನ ಕಮಿಟ್ ಯಾವುದೆಂದು ತೋರಿಸುವ ಹೆಸರು) ಈಗ ಯಾವ ಕಮಿಟ್‌ನಲ್ಲಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಇದನ್ನು ಹಳೆಯದು ಎನ್ನೋಣ.

ಇಂಡೆಕ್ಸ್ ಎಂದರೆ ಮುಂದಿನ ಟ್ರೀಗೆ ಸೇರಬೇಕಾದ ಫೈಲುಗಳ ಪಟ್ಟಿ. ಗಿಟ್ ಇಂಡೆಕ್ಸ್ ಫೈಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಒಂದು ತಾತ್ಕಾಲಿಕ ಫೈಲಿನ ಹೆಸರು ಕೊಟ್ಟು, ಗಿಟ್ ರೀಡ್-ಟ್ರೀಯಿಂದ ಹಳೆಯದನ್ನು ಅದರೊಳಗೆ ಓದಿಸಿ. ಪ್ರತಿ ಬರಹಕ್ಕೂ ಬೇರೆ ತಾತ್ಕಾಲಿಕ ಫೈಲ್ ಇದ್ದರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಚೀಟಿಯ ಪಠ್ಯವನ್ನು ಗಿಟ್ ಹ್ಯಾಶ್-ಆಬ್ಜೆಕ್ಟ್‌ಗೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಕೊಡಿ, ಮೈನಸ್ ಡಬ್ಲ್ಯೂ ಹಾಕಿ. ಅದು ಮರೆತರೆ ವಿಳಾಸ ಲೆಕ್ಕ ಹಾಕಿ ಹೇಳುತ್ತದೆಯೇ ಹೊರತು ಏನನ್ನೂ ಬರೆದಿಡುವುದಿಲ್ಲ. ಬ್ಲಾಬ್ (ಫೈಲಿನ ಒಳಗಿನ ಪಠ್ಯಕ್ಕೆ ಗಿಟ್ ಕೊಟ್ಟ ಹೆಸರು) ಎಂಬ ಪದ, ಖಾಲಿ ಜಾಗ, ಎಷ್ಟು ಬೈಟ್ ಎಂಬ ಅಂಕಿ, ಒಂದು ಸೊನ್ನೆ ಬೈಟ್, ಆಮೇಲೆ ನಿಮ್ಮ ಪಠ್ಯ, ಇಷ್ಟಕ್ಕೂ ಸೇರಿ ಎಸ್‌ಎಚ್‌ಎ-1 ಹ್ಯಾಶ್ ತೆಗೆದು, ಬೈಟಿಗೆ ಎರಡರಂತೆ 40 ಅಕ್ಷರದ ವಿಳಾಸ ಕೊಡುತ್ತದೆ. ಪಠ್ಯ ಒಂದೇ ಆದರೆ ವಿಳಾಸವೂ ಒಂದೇ.

ಆ ವಿಳಾಸವನ್ನೂ ಚೀಟಿಯ ದಾರಿಯನ್ನೂ ಗಿಟ್ ಅಪ್‌ಡೇಟ್-ಇಂಡೆಕ್ಸ್‌ಗೆ ಆಡ್ ಮತ್ತು ಕ್ಯಾಶ್‌ಇನ್ಫೋ ಆಯ್ಕೆಗಳ ಜೊತೆ ಕೊಡಿ. ತುಂಬಾ ಚೀಟಿ ಇದ್ದರೆ ಇಂಡೆಕ್ಸ್-ಇನ್ಫೋ ಎಂಬ ಆಯ್ಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತುಂಬಬಹುದು.

ಗಿಟ್ ರೈಟ್-ಟ್ರೀ ಕೊಟ್ಟರೆ ಹೊಸ ಬುಡದ ಟ್ರೀ ಸಿಗುತ್ತದೆ. ಅದನ್ನು ಗಿಟ್ ಕಮಿಟ್-ಟ್ರೀಗೆ ಕೊಟ್ಟು, ಹಳೆಯದನ್ನು ಅಪ್ಪನೆಂದು ತೋರಿಸಿ, ಯಾಕೆ ಬರೆದದ್ದು ಎಂದು ಒಂದು ಸಾಲು ಸೇರಿಸಿ.

ಇಷ್ಟಾದರೂ ಯಾರಿಗೂ ಏನೂ ಕಾಣುವುದಿಲ್ಲ, ಮೇನ್ ಇನ್ನೂ ಹಳೆಯದನ್ನೇ ತೋರಿಸುತ್ತಿರುತ್ತದೆ. ಕೊನೆಯ ಹೆಜ್ಜೆ ಗಿಟ್ ಅಪ್‌ಡೇಟ್-ರೆಫ್. ಇದಕ್ಕೆ ಮೂರು ವಿಷಯ ಕೊಡಿ: ಬ್ರಾಂಚ್ ಹೆಸರು, ಹೊಸ ಕಮಿಟ್, ಹಳೆಯ ಕಮಿಟ್. ಮೂರನೆಯದನ್ನು ಕೊಡದಿದ್ದರೂ ಕೆಲಸ ನಡೆಯುತ್ತದೆ, ಅದಕ್ಕೇ ಬಹಳ ಜನ ಬಿಡುತ್ತಾರೆ, ಆದರೆ ನಿಮ್ಮ ಡೇಟಾಬೇಸಿನ ಪ್ರಾಣ ಇರುವುದೇ ಆ ಮೂರನೆಯದರಲ್ಲಿ. ನೀವು ಟ್ರೀ ಕಟ್ಟುತ್ತಿದ್ದಾಗ ರೈಟರ್ ಇನ್ನೊಂದು ಕಮಿಟ್ ಹಾಕಿದ್ದರೆ ಮೇನ್ ಈಗ ಹಳೆಯದರಲ್ಲಿ ಇರುವುದಿಲ್ಲ. ಆಗ ಗಿಟ್ ಆಗುವುದಿಲ್ಲ ಎನ್ನುತ್ತದೆ. ನೀವು ಮೊದಲ ಹೆಜ್ಜೆಯಿಂದ ಮತ್ತೆ ಶುರು ಮಾಡಬೇಕು. ಹಳೆಯದನ್ನು ಕೊಡದೇ ಇದ್ದರೆ ರೈಟರ್ ಬರೆದದ್ದು ಸದ್ದಿಲ್ಲದೆ ಮೇನ್‌ನಿಂದ ಮಾಯ. ಮೊಟ್ಟಮೊದಲ ಕಮಿಟ್‌ಗೆ ಹಳೆಯದು ಇರುವುದಿಲ್ಲವಲ್ಲ, ಅಲ್ಲಿ 40 ಸೊನ್ನೆ ಕೊಡಿ. ಬ್ರಾಂಚ್ ಇನ್ನೂ ಹುಟ್ಟಿರಬಾರದು ಎಂದು ಅದರ ಅರ್ಥ.

ಕಮಿಟ್‌ನಲ್ಲಿ ಎರಡು ಹೆಸರು, ಎರಡು ಸಮಯ ಇರುತ್ತವೆ. ಆಥರ್ ಒಬ್ಬರು, ಕಮಿಟರ್ ಒಬ್ಬರು. ಕೋಡ್ ಬರೆಯುವವರು ಇದನ್ನು ಗಮನಿಸುವುದೇ ಕಡಿಮೆ, ಲೆಕ್ಕಕ್ಕೆ ಮಾತ್ರ ಬಹಳ ಉಪಯೋಗ. ಮೇಸ್ತ್ರಿ ಬೆಳಿಗ್ಗೆ ಕಾಗದದ ಮೇಲೆ ಬರೆದಿದ್ದನ್ನು ರೈಟರ್ ಸಂಜೆ ಕಂಪ್ಯೂಟರಿಗೆ ಹಾಕಿದರೆ ಮೇಸ್ತ್ರಿ ಆಥರ್, ಬೆಳಗಿನ ಸಮಯ. ರೈಟರ್ ಕಮಿಟರ್, ಸಂಜೆಯ ಸಮಯ. ಆದರೆ ಈ ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು, ಡಿಜಿಟಲ್ ಸಹಿ ಮಾಡದ ಹೊರತು ಅದು ಪುರಾವೆ ಅಲ್ಲ. ಲಾಗಿನ್ ಪರೀಕ್ಷೆ ನಿಮ್ಮ ಆ್ಯಪಿನದ್ದೇ ಕೆಲಸ.

ಕಮಾಂಡ್‌ಗಳನ್ನು ಒಂದು ಸಲ ಕೈಯಲ್ಲೇ ಹೊಡೆದು ನೋಡಿ. ಅರ್ಥವಾದ ಮೇಲೆ ಲೈಬ್ರರಿಗೆ ಹೋಗಿ: ಪೈಥಾನ್‌ಗೆ ಪೈಗಿಟ್2 ಅಥವಾ ಡಲ್ವಿಚ್, ಜಾವಾಗೆ ಜೆಗಿಟ್.

ತಿದ್ದುವುದು ಹೇಗೆ?

ಹಳೇ ಕಾಲದ ರೈಟರ್ ಲೆಡ್ಜರಿನಲ್ಲಿ ತಪ್ಪಾದರೆ ಅಳಿಸುತ್ತಿರಲಿಲ್ಲ. ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಸಣ್ಣ ಸಹಿ ಹಾಕುತ್ತಿದ್ದರು. ತೂಕದ ಚೀಟಿಗೆ ಅದೇ ಪದ್ಧತಿ ಇಡಿ. ಚೀಟಿ ಫೈಲನ್ನು ಮುಟ್ಟಬೇಡಿ. ಫೋನ್1-0042ಕ್ಕೆ 42500 ಅಲ್ಲ 38500, ಕಾರಣ ಬುಟ್ಟಿಯ ತೂಕ ಕಳೆದಿರಲಿಲ್ಲ, ಎಂದು ಇನ್ನೊಂದು ಫೈಲ್ ಸೇರಿಸಿ. ಬಟವಾಡೆ ದಿನ ಕೇಳಿದವರಿಗೆ ತಿದ್ದಿದವರ ಹೆಸರೂ ಕಾರಣವೂ ಅಲ್ಲೇ ಇರುತ್ತದೆ.

ಹಾಗಿದ್ದರೆ ಗಿಟ್ ಇತಿಹಾಸ ಯಾಕೆ ಬೇಕು ಎಂದು ಕೇಳಬಹುದು. ಚೀಟಿಯನ್ನು ಕಳ್ಳತನದಲ್ಲಿ ಯಾರೂ ಮುಟ್ಟಿಲ್ಲ ಎಂದು ತೋರಿಸಲು ಬೇಕು. ಪ್ರತಿ ಕಮಿಟ್ ತನ್ನ ಹಿಂದಿನ ಕಮಿಟ್‌ನ ಹ್ಯಾಶ್ ಹೊತ್ತಿರುತ್ತದೆ. ಡಿಸೆಂಬರಿನ ಒಂದು ಚೀಟಿ ಬದಲಿಸಿ ಇತಿಹಾಸ ತಿರುಚಿದರೆ ಅಲ್ಲಿಂದ ಇಲ್ಲಿಯವರೆಗಿನ ಎಲ್ಲ ಹ್ಯಾಶೂ ಬದಲಾಗುತ್ತದೆ, ಬೇರೆ ಮಷೀನಿನ ಪ್ರತಿಯ ಜೊತೆ ತಾಳೆ ಆಗುವುದಿಲ್ಲ. ಎಸ್‌ಎಚ್‌ಎ-1 ಮುರಿದಿದೆಯಲ್ಲ ಎಂದು ಯಾರೋ ಒಬ್ಬರು ಹೇಳುತ್ತಾರೆ. 2017ರಲ್ಲಿ ಒಂದೇ ಹ್ಯಾಶ್ ಬರುವ ಎರಡು ಪಿಡಿಎಫ್ ಮಾಡಿ ತೋರಿಸಿದ್ದು ಹೌದು. ಆ ಥರದ ದಾಳಿಯನ್ನು ಪತ್ತೆ ಹಚ್ಚುವ ವ್ಯವಸ್ಥೆ ಅದೇ ವರ್ಷ ಗಿಟ್‌ಗೆ ಬಂತು. ಕಾಫಿ ತೂಕಕ್ಕೆ ಅಷ್ಟು ಸಾಕು.

ಹೆಜ್ಜೆ 4: ಕನ್ನಡ ಹೆಸರಿನ ಉಪದ್ರವ

ಬ್ಲಾಕ್, ಊರು, ಗುಂಪಿನ ಹೆಸರನ್ನು ಕನ್ನಡದಲ್ಲೇ ಫೈಲ್ ಹೆಸರಾಗಿ ಇಡುವ ಆಸೆ ಎಲ್ಲರಿಗೂ ಇರುತ್ತದೆ. ಇಟ್ಟ ತಕ್ಷಣ ಗಿಟ್ ಅದನ್ನು 340, 262, 225 ಎಂಬಂಥ ಅಂಕಿಗಳ ಸರಮಾಲೆಯಾಗಿ ತೋರಿಸುತ್ತದೆ. ಹೆದರಬೇಡಿ, ಫೈಲ್ ಸರಿಯಾಗಿಯೇ ಇದೆ, ತೋರಿಸುವ ರೀತಿ ಹಾಗೆ. ಕೋರ್ ಕೋಟ್‌ಪಾತ್ ಫಾಲ್ಸ್ ಮಾಡಿದರೆ ಕನ್ನಡ ಕಾಣುತ್ತದೆ.

ಇದಕ್ಕಿಂತ ದೊಡ್ಡದೊಂದಿದೆ, ಅದು ಕಣ್ಣಿಗೇ ಕಾಣುವುದಿಲ್ಲ. ಕೊಪ್ಪ ಎಂದು ಬರೆಯಿರಿ. ಯೂನಿಕೋಡ್‌ನಲ್ಲಿ ಇದನ್ನು ಎರಡು ರೀತಿ ಬರೆಯಬಹುದು. ಮೊದಲನೆಯದರಲ್ಲಿ ಕ ಆದ ಮೇಲೆ ಒತ್ವದ ಚಿಹ್ನೆ ಒಂದೇ ಸಂಕೇತ, 0ಸಿಸಿಎ. ಒಟ್ಟು ಐದು ಸಂಕೇತ, ಯುಟಿಎಫ್-8ನಲ್ಲಿ 15 ಬೈಟ್. ಇನ್ನೊಂದರಲ್ಲಿ ಅದೇ ಒತ್ವ ಎರಡು ತುಂಡು: ಎತ್ವದ 0ಸಿಸಿ6, ಊತ್ವದ 0ಸಿಸಿ2. ಆರು ಸಂಕೇತ, 18 ಬೈಟ್. ಪರದೆಯ ಮೇಲೆ ಎರಡೂ ಕೊಪ್ಪವೇ. ಗಿಟ್‌ಗೆ ಎರಡು ಬೇರೆ ಫೈಲ್. ಒಂದು ಮಷೀನ್ ಒಂದು ರೀತಿ, ಇನ್ನೊಂದು ಇನ್ನೊಂದು ರೀತಿ ಕಳಿಸಿದರೆ ಕೊಪ್ಪದ ಗುಂಪಿನ ಲೆಕ್ಕ ಎರಡಾಗಿ ಒಡೆಯುತ್ತದೆ, ನೀವು ಪಟ್ಟಿ ನೋಡಿ ತಲೆ ಕೆರೆದುಕೊಳ್ಳುತ್ತೀರಿ. ಮೂಡಿಗೆರೆಗೆ ಈ ಕಾಟ ಇಲ್ಲ, ಅದರ ಯಾವ ಚಿಹ್ನೆಯೂ ಹೀಗೆ ಒಡೆಯುವುದಿಲ್ಲ. ಆದರೆ ಈತ್ವ, ಏತ್ವ, ಐತ್ವ, ಒತ್ವ, ಓತ್ವ ಇರುವ ಎಲ್ಲ ಹೆಸರಿಗೂ ಇದೆ, ಅಂದರೆ ಅರ್ಧ ಊರುಗಳಿಗೆ.

ಪರಿಹಾರ ಸುಲಭ. ಬರೆಯುವ ಮುಂಚೆ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿದ ಒಂದೇ ಸಂಕೇತದ ರೂಪಕ್ಕೆ ತನ್ನಿ, ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದಕ್ಕೆ ಫಂಕ್ಷನ್ ಸಿಗುತ್ತದೆ. ನನ್ನನ್ನು ಕೇಳಿದರೆ ಫೈಲ್ ಹೆಸರಿಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯ ಗುರುತು ಸಂಖ್ಯೆ ಸಾಕು, ಕನ್ನಡ ಹೆಸರು ಫೈಲಿನ ಒಳಗೆ ಇರಲಿ. ಎನ್‌ಎಫ್‌ಸಿ ಮಾತ್ರ ಒಳಗಿನ ಪಠ್ಯಕ್ಕೂ ಮಾಡಿ, ಇಲ್ಲದಿದ್ದರೆ ಹುಡುಕುವಾಗ ಕೈಕೊಡುತ್ತದೆ.

ಹೆಜ್ಜೆ 5: ಓದುವುದು

ಒಂದು ಚೀಟಿ ಬೇಕೆಂದರೆ ಗಿಟ್ ಕ್ಯಾಟ್-ಫೈಲ್‌ಗೆ ಬ್ಯಾಚ್ ಆಯ್ಕೆ ಕೊಟ್ಟು ಪ್ರೋಸೆಸ್ ತೆರೆದೇ ಇಡಿ. ಬ್ರಾಂಚ್ ಹೆಸರು, ಕೋಲನ್, ದಾರಿ ಎಂದು ಒಂದು ಸಾಲು ಕಳಿಸಿದರೆ ಪಠ್ಯ ಬರುತ್ತದೆ. ಪ್ರತಿ ಸಲ ಹೊಸ ಪ್ರೋಸೆಸ್ ಎಬ್ಬಿಸಿದರೆ ಹಳೇ ಕಂಪ್ಯೂಟರ್ ತೆವಳುತ್ತದೆ.

"ಈ ವಾರ ಯಾರು ಎಷ್ಟು ಕೊಯ್ದರು, ಜಾಸ್ತಿಯಿಂದ ಕಡಿಮೆಗೆ ಜೋಡಿಸು" ಎಂಬ ಪ್ರಶ್ನೆಗೆ ಗಿಟ್ ಹತ್ತಿರ ಉತ್ತರ ಇಲ್ಲ. ಅದಕ್ಕೆ ಸೂಚಿಯೂ ಗೊತ್ತಿಲ್ಲ, ಮೊತ್ತವೂ ಗೊತ್ತಿಲ್ಲ. ಆ ಕೆಲಸಕ್ಕೆ ಪಕ್ಕದಲ್ಲಿ ಒಂದು ಎಸ್‌ಕ್ಯೂಲೈಟ್ (ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುವ ಸಾಫ್ಟ್‌ವೇರ್) ಫೈಲ್ ಇಡಿ. ಅದರ ಒಂದು ಟೇಬಲ್‌ನಲ್ಲಿ ಯಾವ ಕಮಿಟ್‌ವರೆಗೆ ಓದಿಯಾಗಿದೆ ಎಂದು ಬರೆದಿಡಿ. ಮೇನ್ ಮುಂದೆ ಹೋದಾಗ ಆ ಕಮಿಟ್‌ಗೂ ಹೊಸದಕ್ಕೂ ನಡುವೆ ಗಿಟ್ ಡಿಫ್-ಟ್ರೀ ಮೈನಸ್ ಆರ್ ಕೊಟ್ಟರೆ ಬದಲಾದ ಫೈಲುಗಳ ಪಟ್ಟಿ ಮಾತ್ರ ಸಿಗುತ್ತದೆ. ಅಷ್ಟನ್ನೇ ಟೇಬಲ್‌ಗೆ ಸೇರಿಸಿ, ಕಮಿಟ್ ಗುರುತನ್ನೂ ಅದೇ ಟ್ರಾನ್ಸಾಕ್ಷನ್‌ನಲ್ಲಿ ಬದಲಿಸಿ. ಎಸ್‌ಕ್ಯೂಲೈಟ್ ಫೈಲ್ ಹಾಳಾದರೆ ಅಳಿಸಿ ಮೊದಲಿನಿಂದ ಕಟ್ಟಿ. ಸತ್ಯ ಗಿಟ್‌ನಲ್ಲಿ, ವೇಗ ಎಸ್‌ಕ್ಯೂಲೈಟ್‌ನಲ್ಲಿ. ಆ ಫೈಲನ್ನು ಮಾತ್ರ ಗಿಟ್ ಒಳಗೆ ಹಾಕಬೇಡಿ. ತಮಾಷೆ ಎಂದರೆ ಎಸ್‌ಕ್ಯೂಲೈಟ್‌ನ ಸ್ವಂತ ಕೋಡ್ ಇರುವುದು ಫಾಸಿಲ್ ಎಂಬ, ಗಿಟ್‌ನಂಥ ಬೇರೆ ವರ್ಷನ್ ಕಂಟ್ರೋಲ್ ಸಾಫ್ಟ್‌ವೇರಿನಲ್ಲಿ. ಆ ಫಾಸಿಲ್ ತನ್ನ ಇತಿಹಾಸವನ್ನೆಲ್ಲ ಇಡುವುದು ಎಸ್‌ಕ್ಯೂಲೈಟ್ ಫೈಲಿನಲ್ಲಿ!

ಹಿಂದಿನ ಸ್ಥಿತಿ ಕೇಳುವುದರಲ್ಲಿ ಮಾತ್ರ ಗಿಟ್‌ಗೆ ಸಾಟಿ ಇಲ್ಲ. ಪ್ರತಿ ಬಟವಾಡೆ ಮುಗಿದ ಕೂಡಲೇ ಆಗಿನ ಕಮಿಟ್‌ಗೆ ಒಂದು ಟ್ಯಾಗ್, ಅಂದರೆ ಗುರುತಿನ ಹೆಸರು ಹಾಕಿ, ಬಟವಾಡೆ-2025-01-11 ಎಂದು. ಯಾವ ಲೆಕ್ಕದ ಮೇಲೆ ದುಡ್ಡು ಕೊಟ್ಟದ್ದು ಎಂದು ಮುಂದೆ ಯಾವತ್ತು ಕೇಳಿದರೂ ಅಂದಿನ ಇಡೀ ಲೆಕ್ಕ ಹಾಗೆಯೇ ಇರುತ್ತದೆ. ಟ್ಯಾಗ್ ಆದ ಮೇಲೆ ಬಂದ ಚೀಟಿಗಳನ್ನು ಮುಂದಿನ ವಾರಕ್ಕೆ ಸೇರಿಸುವುದೂ ಸಲೀಸು.

ಹೆಜ್ಜೆ 6: ಫೋನ್ ಮತ್ತು ಆಫೀಸು ಸೇರಿಸುವುದು

ಎಲ್ಲರೂ ಮೇನ್‌ಗೇ ಪುಷ್ ಮಾಡಲು (ತಮ್ಮ ಕಮಿಟ್ ಕಳಿಸಲು) ಹೋದರೆ ಯಾರೋ ಒಬ್ಬರದ್ದು ತಿರಸ್ಕಾರ ಆಗುತ್ತದೆ. ಕೋಡ್ ಬರೆಯುವವರಾದರೆ ಪುಲ್ ಮಾಡಿ (ಬೇರೆಯವರದ್ದನ್ನು ತರಿಸಿಕೊಂಡು) ಮತ್ತೆ ಪುಷ್ ಮಾಡುತ್ತಾರೆ. ಮೇಸ್ತ್ರಿ ಯಾಕೆ ಮಾಡಬೇಕು? ಪ್ರತಿ ಸಾಧನಕ್ಕೂ ಅದರದ್ದೇ ಬ್ರಾಂಚ್ ಕೊಡಿ. ಫೋನ್1 ತನ್ನ ಬ್ರಾಂಚ್‌ಗೆ ಮಾತ್ರ ಬರೆಯುತ್ತದೆ, ಅಲ್ಲಿ ಬೇರೆ ಯಾರೂ ಬರೆಯುವುದಿಲ್ಲ, ಆದ್ದರಿಂದ ತಿರಸ್ಕಾರದ ಮಾತೇ ಇಲ್ಲ. ಸಂಜೆ ಆಫೀಸಿನ ವೈಫೈ ಹತ್ತಿರ ಬಂದಾಗ ಕಳಿಸಿದರೆ ಆಯಿತು.

ಆಫೀಸಿನ ಮಷೀನ್ ಎಲ್ಲ ಬ್ರಾಂಚನ್ನೂ ಮೇನ್‌ಗೆ ಮರ್ಜ್ ಮಾಡಲಿ, ಅಂದರೆ ಕೂಡಿಸಲಿ. 2022ರ ಗಿಟ್ 2.38ರಿಂದ ಮರ್ಜ್-ಟ್ರೀ ಕಮಾಂಡ್‌ಗೆ ರೈಟ್-ಟ್ರೀ ಎಂಬ ಆಯ್ಕೆ ಇದೆ. ಫೋಲ್ಡರ್ ಇಲ್ಲದ ಬೇರ್ ರೆಪೊಸಿಟರಿಯಲ್ಲೇ ಮರ್ಜ್ ಮಾಡಿ ಹೊಸ ಟ್ರೀ ಕೊಡುತ್ತದೆ. ಅದಕ್ಕೆ ಎರಡು ಅಪ್ಪಂದಿರ ಕಮಿಟ್ ಮಾಡಿ, ಮತ್ತೆ ಅದೇ ಅಪ್‌ಡೇಟ್-ರೆಫ್, ಮತ್ತೆ ಅದೇ ಮೂರನೆಯ ವಿಷಯ.

ಚೀಟಿಗಳೆಲ್ಲ ಬೇರೆ ಬೇರೆ ಹೆಸರಿನ ಹೊಸ ಫೈಲ್ ಆಗಿರುವುದರಿಂದ ಕಾನ್‌ಫ್ಲಿಕ್ಟ್ (ಇಬ್ಬರ ಬದಲಾವಣೆಗಳ ಜಗಳ) ಬರುವುದಿಲ್ಲ. ಕೂಲಿ ದರದ ಪಟ್ಟಿಯಂಥ, ಅಲ್ಲಲ್ಲೇ ತಿದ್ದುವ ಫೈಲುಗಳಲ್ಲಿ ಬರುತ್ತದೆ. ಸಾಲಿಗೊಂದು ವಿಷಯ ಇಟ್ಟರೆ ಸಾಕು ಎಂದುಕೊಳ್ಳಬೇಡಿ. ರೈಟರ್ ಮೂರನೇ ಸಾಲು, ಮಗ ನಾಲ್ಕನೇ ಸಾಲು ತಿದ್ದಿದರೂ ಅಕ್ಕಪಕ್ಕದ ಸಾಲು ಎಂದು ಗಿಟ್ ಕಾನ್‌ಫ್ಲಿಕ್ಟ್ ಎನ್ನುತ್ತದೆ. ಇಂಥ ಫೈಲಿಗೆ ಒಂದೇ ಯಜಮಾನ ಇರಲಿ: ದರ ಬದಲಿಸುವುದು ಆಫೀಸಿನಿಂದ ಮಾತ್ರ. ತಾಂತ್ರಿಕ ಪರಿಹಾರ ಹುಡುಕುವುದಕ್ಕಿಂತ ಮನೆಯಲ್ಲಿ ಮಾತಾಡಿಕೊಳ್ಳುವುದು ಸುಲಭ.

ಹೆಜ್ಜೆ 7: ಕರೆಂಟ್ ಹೋದಾಗ

ಬರೆಯುತ್ತಿರುವಾಗ ಕರೆಂಟ್ ಹೋಗಿ, ಮತ್ತೆ ಬಂದಾಗ ಆಬ್ಜೆಕ್ಟ್ ಫೈಲ್ ಖಾಲಿ ಇದೆ ಎಂದು ಗಿಟ್ ಗೊಣಗುವುದನ್ನು ಮಲೆನಾಡಿನಲ್ಲಿ ನೋಡದವರು ಕಡಿಮೆ. ಕಾರಣ ಇದು: ಬಿಡಿ ಆಬ್ಜೆಕ್ಟ್‌ಗಳನ್ನು ಡಿಸ್ಕ್‌ಗೆ ತಲುಪಿಸಿಯೇ ಮುಂದೆ ಹೋಗು ಎಂಬ ಎಫ್‌ಸಿಂಕ್ ಆಜ್ಞೆಯನ್ನು ಹೆಚ್ಚಿನ ಕಡೆ ಗಿಟ್ ತಾನಾಗಿ ಕೊಡುವುದಿಲ್ಲ, ವೇಗಕ್ಕಾಗಿ ಬಿಟ್ಟಿದೆ. 2.36ರಿಂದ ಕೋರ್ ಎಫ್‌ಸಿಂಕ್ ಎಂಬ ಸೆಟ್ಟಿಂಗ್ ಇದೆ, ಅದನ್ನು ಆಲ್ ಮಾಡಿ. ಸ್ವಲ್ಪ ನಿಧಾನ ಆಗುತ್ತದೆ, ಆಗಲಿ. ಯುಪಿಎಸ್ ಇದ್ದರೂ ಮಾಡಿ. ಆಗಾಗ ಗಿಟ್ ಎಫ್‌ಎಸ್‌ಸಿಕೆ ಓಡಿಸಿ ಎಲ್ಲ ಸರಿ ಇದೆಯಾ ನೋಡಿ.

ಜೊತೆಗೆ ಕಸ ಗುಡಿಸುವ ವಿಷಯ. ನಮ್ಮ ಜೋಡಣೆಯಲ್ಲಿ ಒಂದು ಚೀಟಿಗೆ ಒಂದು ಕಮಿಟ್ ಮಾಡಿದರೆ ಒಂದು ಬ್ಲಾಬ್, ಐದು ಟ್ರೀ, ಒಂದು ಕಮಿಟ್, ಒಟ್ಟು ಏಳು ಸಣ್ಣ ಫೈಲ್ ಹುಟ್ಟುತ್ತವೆ. ನೂರು ಜನ ಕೊಯ್ದರೆ ದಿನಕ್ಕೆ 700. ಅದೇ ಸಂಜೆಯ ನೂರು ಚೀಟಿಯನ್ನು ಒಂದೇ ಕಮಿಟ್ ಮಾಡಿದರೆ 106. ಆದ್ದರಿಂದ ಒಟ್ಟಿಗೆ ಬರೆಯಿರಿ. ಬಿಡಿ ಫೈಲ್ 6,700ರ ಆಸುಪಾಸು ಆದಾಗ ಗಿಟ್ ತಾನಾಗಿ ಎಲ್ಲವನ್ನೂ ಪ್ಯಾಕ್ ಮಾಡುತ್ತದೆ (ಒಟ್ಟುಗೂಡಿಸಿ ಒತ್ತಿಡುತ್ತದೆ) ಎಂದು ಓದಿರುತ್ತೀರಿ. ಅದು ಕಮಿಟ್, ಮರ್ಜ್‌ನಂಥ ಮಾಮೂಲಿ ಕಮಾಂಡ್‌ಗಳ ಬೆನ್ನಿಗೆ ನಡೆಯುವುದು. ನಾವು ಬಳಸುತ್ತಿರುವ ಒಳಗಿನ ಕಮಾಂಡ್‌ಗಳು ಆ ಉಸಾಬರಿಗೆ ಹೋಗುವುದಿಲ್ಲ. ದಿನಾ ರಾತ್ರಿ ಗಿಟ್ ಜಿಸಿ ಓಡುವ ಹಾಗೆ ಶೆಡ್ಯೂಲ್ ಮಾಡಿ. ಒಂದೊಂದು ಫೈಲಿನ ಇತಿಹಾಸ ಹುಡುಕುವುದು ನಿಧಾನ ಅನಿಸಿದರೆ ಕಮಿಟ್-ಗ್ರಾಫ್ (ಇತಿಹಾಸ ಬೇಗ ಹುಡುಕಲು ಇಡುವ ಸಹಾಯಕ ಫೈಲ್) ಬರೆಯುವಾಗ ಚೇಂಜ್ಡ್-ಪಾತ್ಸ್ ಆಯ್ಕೆ ಸೇರಿಸಿ, ಇದು 2020ರ 2.27ರಿಂದ ಇದೆ.

ಹೆಜ್ಜೆ 8: ಏನನ್ನು ಹಾಕಲೇಬಾರದು

ಆಧಾರ್ ನಂಬರ್, ಬ್ಯಾಂಕ್ ಖಾತೆ, ಫೋನ್ ನಂಬರ್, ಆಸ್ಪತ್ರೆಯ ವಿವರ. ಗಿಟ್ ಮರೆಯುವುದಿಲ್ಲ, ಇಲ್ಲಿ ಅದೇ ತೊಂದರೆ. ಫೈಲ್ ಅಳಿಸಿದರೂ ಹಿಂದಿನ ಕಮಿಟ್‌ನಲ್ಲಿ ಇರುತ್ತದೆ, ಎಲ್ಲರ ಮಷೀನಿನಲ್ಲೂ ಇರುತ್ತದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ತನ್ನ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಜನರಿಗೆ ಇದೆ. ಗಿಟ್ ಫಿಲ್ಟರ್-ರೆಪೊ ಎಂಬ ಸಲಕರಣೆಯಿಂದ ಇತಿಹಾಸ ತಿದ್ದಬಹುದು, ಆದರೆ ಆಗ ಎಲ್ಲ ಹ್ಯಾಶ್ ಬದಲಾಗಿ, ಎಲ್ಲ ಫೋನಿನಲ್ಲೂ ಹೊಸದಾಗಿ ಶುರು ಮಾಡಬೇಕಾಗುತ್ತದೆ, ಮತ್ತು ಯಾರ ಪೆನ್‌ಡ್ರೈವ್‌ನಲ್ಲಿ ಹಳೆಯದು ಉಳಿದಿದೆಯೋ ದೇವರೇ ಬಲ್ಲ. ಗಿಟ್‌ನಲ್ಲಿ ಕೆಲಸದವರಿಗೆ ಒಂದು ಸಂಖ್ಯೆ ಮಾತ್ರ ಇರಲಿ. ಆ ಸಂಖ್ಯೆ ಯಾರದ್ದು ಎಂಬ ಪಟ್ಟಿ ಆಫೀಸಿನಲ್ಲೇ, ಗಿಟ್ ಹೊರಗೆ, ಅಳಿಸಲು ಬರುವ ಮಾಮೂಲಿ ಟೇಬಲ್‌ನಲ್ಲಿ ಇರಲಿ.

ಹೆಜ್ಜೆ 9: ಬ್ಯಾಕಪ್

ನೆಟ್ ಇದ್ದರೆ ಇನ್ನೊಂದು ಕಡೆಗೆ ಪುಷ್ ಮಾಡಿ. ಇಲ್ಲದಿದ್ದರೆ ಗಿಟ್ ಬಂಡಲ್ ಕ್ರಿಯೇಟ್ ಕೊಟ್ಟು ಆಲ್ ಎಂದು ಸೇರಿಸಿದರೆ ಎಲ್ಲ ಬ್ರಾಂಚ್, ಎಲ್ಲ ಟ್ಯಾಗ್, ಪೂರ್ತಿ ಇತಿಹಾಸ ಒಂದೇ ಫೈಲ್ ಆಗುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಚಿಕ್ಕಮಗಳೂರಿಗೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಲ್ಲಿನ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಡಿ. ಬಂಡಲ್ ವೆರಿಫೈ ಮಾಡಿದರಷ್ಟೇ ಸಾಲದು. ಆ ಬಂಡಲ್ ಫೈಲಿನಿಂದಲೇ ಹೊಸ ಫೋಲ್ಡರಿಗೆ ಕ್ಲೋನ್ (ಪೂರ್ತಿ ನಕಲು) ಮಾಡಿ, ಅದರಿಂದ ಎಸ್‌ಕ್ಯೂಲೈಟ್ ಮತ್ತೆ ಕಟ್ಟಿ, ಕೊನೆಯ ಬಟವಾಡೆ ಟ್ಯಾಗ್‌ನ ಮೊತ್ತ ತೆಗೆದು, ಆಫೀಸಿನ ಬಟವಾಡೆ ಪುಸ್ತಕದ ಮೊತ್ತದ ಜೊತೆ ತಾಳೆ ನೋಡಿ. ರೂಪಾಯಿಗೆ ರೂಪಾಯಿ ಕೂಡಿದರೆ ಆ ಬ್ಯಾಕಪ್ ನಂಬಬಹುದು.